ಸ್ಟಾರ್ ಸತ್ತ ಮೇಲೆ ತಂಡ ಮುಚ್ಚಬೇಕಾ?

ಬ್ಲಡ್ ಬೌಲ್ ಅಂದರೆ ಬೊಂಬೆ, ದಾಳ ಇಟ್ಟು ಮೇಜಿನ ಮೇಲೆ ಆಡುವ ಹೊಡೆದಾಟದ ಫುಟ್‌ಬಾಲ್. ಅದರಲ್ಲಿ ನಿಮ್ಮ ತಂಡಕ್ಕೆ ನಾಲ್ಕು ಸೀಸನ್ ಆಡಿದ ಬ್ಲಿಟ್ಜರ್ (ನುಗ್ಗಿ ಹೊಡೆಯುವ ಆಟಗಾರ) ಸತ್ತ, ಈಗ ಒಂದೊಂದು ಪಂದ್ಯಕ್ಕೆ ಸಿಗುವ ಸ್ಟಾರ್ ಗ್ರಿಫ್ ಒಬರ್ವಾಲ್ಡ್‌ನನ್ನು ಬಾಡಿಗೆಗೆ ತರಲಾ, ತಂಡ ಮುಚ್ಚಿ ಹೊಸದು ಕಟ್ಟಲಾ ಅಂತ ಕೇಳಿದ್ದೀರಿ. ಓದಿ ಹೊಟ್ಟೆ ಹಿಂಡಿದ ಹಾಗಾಯಿತು. 2022ರಲ್ಲಿ ಒಂದು ಮಂಗಳವಾರ ರಾತ್ರಿ ನಾನೂ ಹೀಗೇ ಕೂತಿದ್ದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಒಂದು ಪಬ್ಬಿನ ಮಹಡಿ. ಕೈಯಲ್ಲಿ ಹೆಬ್ಬೆರಳುದ್ದದ ಒಂದು ಇಲಿ.

ಬ್ಲಡ್ ಬೌಲ್ ಹುಟ್ಟಿದ್ದು ಇದೇ ದೇಶದಲ್ಲಿ, 1986ರಲ್ಲಿ. ಅದನ್ನು ಮಾಡುವ ಗೇಮ್ಸ್ ವರ್ಕ್‌ಶಾಪ್‌ನ ಕೇಂದ್ರ ಕಚೇರಿ ನಾಟಿಂಗ್‌ಹ್ಯಾಮ್‌ನ ಲೆಂಟನ್‌ನಲ್ಲಿದೆ. ಕೆಲಸಕ್ಕೆ ಅಂತ ಈ ಊರಿಗೆ ಬಂದವನು ಎರಡನೇ ತಿಂಗಳಿಗೇ ಈ ಗುಂಡಿಗೆ ಬಿದ್ದೆ. ಆರಿಸಿಕೊಂಡಿದ್ದು ಸ್ಕೇವೆನ್, ಅಂದರೆ ಹೆಗ್ಗಣಗಳ ತಂಡ. ವಿಡಿಯೋ ಕಾಲ್‌ನಲ್ಲಿ ಬೊಂಬೆ ನೋಡಿದ ಅಪ್ಪ, "ಇಷ್ಟೊಂದು ಇಲಿ ಯಾಕೋ, ಗಣಪತಿ ಎಲ್ಲಿ?" ಅಂತ ಕೇಳಿದ್ದರು.

ನನ್ನ ಮೊದಲ ಸ್ಟಾರ್ ಹೆಸರು ಪುಟ್ಟ. ಅವನ ಕಾಲು ಮುರಿದು ವೇಗ ಹೋಯಿತು, ತೆಗೆದುಹಾಕಿದೆ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಆಮೇಲೆ 2020ರ ನಿಯಮ ಬಂತು, ಲೀಗ್ ಹೊಸದಾಗಿ ಶುರುವಾಯಿತು. ಬೊಂಬೆಗಳು ಅವೇ, ತಂಡದ ಲೆಕ್ಕ ಬರೆಯುವ ಹಾಳೆ ಮಾತ್ರ ಹೊಸದು. ಇಲ್ಲಿ ಹೇಳುವ ಬೆಲೆ, ಅಂಕಗಳೆಲ್ಲ ಆ ನಿಯಮದವು. ಆಗ ಬಂದವನು ಚಿಲ್ಟಾರಿ.

ಚಿಲ್ಟಾರಿ ಗಟರ್ ರನ್ನರ್, ಅಂದರೆ ಹೆಗ್ಗಣ ತಂಡದ ವೇಗದ ಓಟಗಾರ. ಬೆಲೆ 85,000 ಚಿನ್ನದ ನಾಣ್ಯ. ಒಂದು ಸರದಿಗೆ 9 ಮನೆ ಓಡುತ್ತಾನೆ, ಧೈರ್ಯ ಮಾಡಿ ದಾಳ ಹಾಕಿದರೆ ಇನ್ನೂ ಎರಡು. ಬಲ ಮಾತ್ರ 2. ಗಾಳಿ ಬಂದರೆ ಹಾರಿಹೋಗುವ ಪ್ರಾಣಿ. ಎರಡು ಸೀಸನ್‌ನಲ್ಲಿ ನನ್ನ ತಂಡದ ಟಚ್‌ಡೌನ್‌ಗಳಲ್ಲಿ ಮುಕ್ಕಾಲು ಪಾಲು ಇವನದೇ. ನನ್ನ ಎದುರಾಳಿಗಳಿಗೆ ಆ ಹೆಸರು ಹೇಳಲು ಬರುತ್ತಿರಲಿಲ್ಲ. ಆದರೂ ಅವನು ಓಡಲು ಶುರು ಮಾಡಿದರೆ ಪಕ್ಕದ ಮೇಜಿನವರೂ ತಿರುಗಿ ನೋಡುತ್ತಿದ್ದರು.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನು ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದನ್ನು ಪೂರ್ತಿ ಕೇಳುವ ತಾಳ್ಮೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಎದುರಿಗೆ ಕುಳ್ಳರ ತಂಡ, ಡ್ವಾರ್ಫ್. ಆಡಿಸುತ್ತಿದ್ದವರು ಒಬ್ಬ ಹಿರಿಯರು. ಮಾತು ಕಡಿಮೆ, ಟೀ ಜಾಸ್ತಿ. ದ್ವಿತೀಯಾರ್ಧದ ಏಳನೇ ಸರದಿ, ಸ್ಕೋರು 1-1. ಚೆಂಡು ನನ್ನ ಹನ್ನೊಂದನೇ ನಂಬರಿನ ಲೈನ್‌ಮನ್, ಅಂದರೆ ಒಬ್ಬ ಮಾಮೂಲಿ ಆಟಗಾರನ ಕೈಯಲ್ಲಿ. ಅವನಿಗೆ ನಾನು ಹೆಸರು ಕೂಡ ಇಟ್ಟಿರಲಿಲ್ಲ. ಗೆರೆಗೆ ಮೂರು ಮನೆ ದೂರ. ಸುತ್ತ ಒಬ್ಬ ಕುಳ್ಳನೂ ಇಲ್ಲ. ದಾಳವನ್ನೂ ಹಾಕಬೇಕಿರಲಿಲ್ಲ, ಸುಮ್ನೆ ಬೊಂಬೆ ಎತ್ತಿ ಮೂರು ಮನೆ ಮುಂದಿಟ್ಟಿದ್ದರೆ ಟಚ್‌ಡೌನ್.

ಇಡಲಿಲ್ಲ.

ಯಾಕೆ ಅಂದರೆ, ಟಚ್‌ಡೌನ್ ಹೊಡೆದವನಿಗೆ 3 ಸ್ಟಾರ್ ಪ್ಲೇಯರ್ ಪಾಯಿಂಟ್ ಸಿಗುತ್ತದೆ. ನಾವೇ ಆರಿಸುವ ಮೊದಲ ಕೌಶಲಕ್ಕೆ 6 ಅಂಕ ಬೇಕು. ಎರಡನೆಯದಕ್ಕೆ 8, ಮೂರನೆಯದಕ್ಕೆ 12, ನಾಲ್ಕನೆಯದಕ್ಕೆ 16. ಚಿಲ್ಟಾರಿ ಆಗಲೇ 26 ಅಂಕ ನುಂಗಿ ಬ್ಲಾಕ್ (ಹೊಡೆದಾಟದಲ್ಲಿ ಸುಲಭಕ್ಕೆ ಬೀಳದ ಕೌಶಲ), ಶೂರ್ ಫೀಟ್, ಸ್ಪ್ರಿಂಟ್ ಕಲಿತಿದ್ದ. ಕೈಯಲ್ಲಿ ಇನ್ನೂ 13 ಇತ್ತು. ಒಂದೇ ಒಂದು ಟಚ್‌ಡೌನ್ ಬಂದರೆ 16 ಆಗುತ್ತಿತ್ತು, ನಾಲ್ಕನೇ ಕೌಶಲ ಬರುತ್ತಿತ್ತು. ಹಾಗಾಗಿ ಆ ಟಚ್‌ಡೌನ್ ಹನ್ನೊಂದನೇ ನಂಬರಿಗೆ "ವೇಸ್ಟ್" ಆಗುತ್ತದೆ ಅಂತ ನನಗೆ ಅನಿಸಿತು.

ಚಿಲ್ಟಾರಿ ಆಗ ಮೈದಾನದ ಆಚೆ ಬದಿಯಲ್ಲಿ ಬಿದ್ದಿದ್ದ. ಎಬ್ಬಿಸಿದೆ. ಏಳುವುದಕ್ಕೇ 3 ಮನೆ ಖರ್ಚು, ಉಳಿದ 6 ಓಡಿಸಿ ಗೆರೆಯ ಹತ್ತಿರ ತಂದು ನಿಲ್ಲಿಸಿದೆ. ಒಬ್ಬ ಆಟಗಾರ ಸರದಿಗೆ ಒಂದೇ ಸಲ ಆಡಬಹುದಲ್ವಾ? ಅವನ ಸಲ ಮುಗಿಯಿತು. ಮುಂದಿನ ಸರದಿಯಲ್ಲಿ, ಅಂದರೆ ಕೊನೆಯ ಸರದಿಯಲ್ಲಿ, ಹನ್ನೊಂದನೆಯವನು ಬಂದು ಚೆಂಡು ಕೈಗೆ ಕೊಡಬೇಕು, ಚಿಲ್ಟಾರಿ ಒಳಗೆ ಓಡಬೇಕು. ಇದು ನನ್ನ ಮಹಾ ಯೋಜನೆ. ಎದುರಿಗಿದ್ದ ಹಿರಿಯರು ಹುಬ್ಬೇರಿಸಿದಾಗ, "ನಿಮಗೆ ತಿರುಗಿ ಗೋಲು ಹೊಡೆಯಲು ಸಮಯ ಕೊಡಬಾರದಲ್ಲ, ಅದಕ್ಕೆ ಕಾಯ್ತಾ ಇದ್ದೀನಿ" ಅಂದೆ. ಶುದ್ಧ ಸುಳ್ಳು. ಅವರ ಕುಳ್ಳರಲ್ಲಿ ಹೆಚ್ಚಿನವರು ಸರದಿಗೆ ನಾಲ್ಕೇ ಮನೆ ನಡೆಯುವವರು. ಉಳಿದ ಸಮಯದಲ್ಲಿ ಅವರು ಗೋಲು ಹೊಡೆಯುವುದು ಬಲು ಕಷ್ಟವಿತ್ತು.

ಚಿಲ್ಟಾರಿಯನ್ನು ನಿಲ್ಲಿಸಿದ್ದು ಪಕ್ಕದ ಅಂಚಿನಿಂದ ಎರಡನೇ ಮನೆಯಲ್ಲಿ. ಅಂಚಿಗೇ ಅಂಟಿಸಿಲ್ಲ ನೋಡಿ, ಅಷ್ಟು ಬುದ್ಧಿ ಇತ್ತು. ಆದರೆ ಕುಳ್ಳರಲ್ಲಿ ಟ್ರೋಲ್ ಸ್ಲೇಯರ್ ಅಂತ ಒಬ್ಬ ಇದ್ದಾನೆ. ಅವನಿಗೆ ಫ್ರೆಂಜಿ ಇದೆ. ಒಂದು ಸಲ ತಳ್ಳಿದರೆ ಸಾಲದು, ಹಿಂದೆಯೇ ನುಗ್ಗಿ ಇನ್ನೊಂದು ಸಲ ಹೊಡೆಯಲೇಬೇಕು. ಸ್ಲೇಯರ್ ಮೂರನೇ ಮನೆಗೆ ಬಂದು ನೇರ ಎದುರು ನಿಂತ. ಮೊದಲ ಏಟಿಗೆ ಚಿಲ್ಟಾರಿ ಅಂಚಿನ ಮನೆಗೆ ಹೋದ. ಎರಡನೇ ಏಟಿಗೆ ಹಿಂದೆ ಮನೆಯೇ ಇರಲಿಲ್ಲ, ಪ್ರೇಕ್ಷಕರಿದ್ದರು.

ಪ್ರೇಕ್ಷಕರ ಕೈಗೆ ಸಿಕ್ಕವನಿಗೆ ರಕ್ಷಾಕವಚದ ದಾಳ ಇಲ್ಲ, ನೇರ ಗಾಯದ ದಾಳ. ಎರಡು ದಾಳದಲ್ಲಿ 10 ಅಥವಾ ಜಾಸ್ತಿ ಬಿದ್ದರೆ ಗಂಭೀರ, ಅಂದರೆ 6ರಲ್ಲಿ 1. ಆಮೇಲೆ ಹದಿನಾರು ಮುಖದ ದಾಳ. 15 ಅಥವಾ 16 ಬಿದ್ದರೆ ಸಾವು, ಅಂದರೆ 8ರಲ್ಲಿ 1. ಒಟ್ಟು 48ರಲ್ಲಿ 1. ಈ ಲೆಕ್ಕವನ್ನು ಅವತ್ತು ರಾತ್ರಿ ಟ್ರಾಮ್‌ನಲ್ಲಿ ಮನೆಗೆ ಹೋಗುವಾಗ ಎಷ್ಟು ಸಲ ಮಾಡಿದೆನೋ. ಬಿದ್ದದ್ದು 11, ಆಮೇಲೆ 16. ಅಪೋಥೆಕರಿ, ಅಂದರೆ ತಂಡದ ವೈದ್ಯ, ಇದ್ದಿದ್ದರೆ ಇನ್ನೊಂದು ದಾಳ ಹಾಕಿಸಬಹುದಿತ್ತು. ಪಂದ್ಯಕ್ಕೆ ಒಂದೇ ಸಲ ಸಿಗುವ ಅವನನ್ನು ಮೊದಲರ್ಧದಲ್ಲೇ ಯಾವನೋ ಲೈನ್‌ಮನ್ ಮೊಣಕಾಲಿಗೆ ಖರ್ಚು ಮಾಡಿದ್ದೆ.

ಚೌಕಾಬಾರದಲ್ಲಿ ಕಾಯಿ ಹೊಡೆದರೆ ಮತ್ತೆ ಮನೆಯಿಂದ ಹೊರಡುತ್ತದೆ. ಇಲ್ಲಿ ಸತ್ತರೆ ಸತ್ತ. ಹಾಳೆಯ ಮೇಲೆ ಗೆರೆ ಎಳೆಯಬೇಕು, ಅದೂ ನಿಮ್ಮ ಕೈಯಿಂದಲೇ.

ನಾನು 16 ಅಂಕ ಕೂಡಿಸಿ ಅವನಿಗೆ ಕಲಿಸಬೇಕು ಅಂತಿದ್ದ ನಾಲ್ಕನೇ ಕೌಶಲ ಸೈಡ್ ಸ್ಟೆಪ್. ಅದು ಇದ್ದವನನ್ನು ತಳ್ಳಿದರೆ ಯಾವ ಮನೆಗೆ ಹೋಗಬೇಕು ಅಂತ ಅವನೇ ಆರಿಸುತ್ತಾನೆ. ಅಂಚಿನಿಂದ ಉಳಿಸುವ ಕೌಶಲ ಕೊಡಿಸಲು ಹೋಗಿ ಅಂಚಿನಲ್ಲೇ ಸಾಯಿಸಿದೆ.

ಪಂದ್ಯ ಏನಾಯಿತು ಅಂತೀರಾ? ಎಂಟನೇ ಸರದಿಯಲ್ಲಿ ಹನ್ನೊಂದನೆಯವನು ಮೂರು ಮನೆ ನಡೆದ. 2-1, ಗೆದ್ದೆ. ಹಿರಿಯರು ಕೈ ಕುಲುಕಿ ನನಗೂ ಒಂದು ಟೀ ತಂದುಕೊಟ್ಟರು. ನನಗೆ ಬಾಯಿಗೆ ರುಚಿಯೇ ಹತ್ತಲಿಲ್ಲ.

ಅಂಚಿನಲ್ಲಿ ನಿಲ್ಲಿಸಿದ್ದೇ ತಪ್ಪು ಅಂತ ಎಲ್ಲರೂ ಹೇಳಿದರು. ಅಲ್ಲ. ಅದು ಆ ದಿನದ ಪೆದ್ದುತನ. ಅಸಲಿ ತಪ್ಪು ಎರಡು ಸೀಸನ್‌ನಷ್ಟು ಹಳೆಯದು. ಬೇರೆಯವರು ಹೊಡೆಯಬಹುದಾದ ಟಚ್‌ಡೌನ್‌ಗಳನ್ನೆಲ್ಲ ಚೆಂಡು ಕೈಬದಲು ಮಾಡಿಸಿ, ಬೇಡದ ದಾಳ ಹಾಕಿಸಿ, ಇವನೊಬ್ಬನಿಗೇ ಉಣಿಸಿದ್ದೆ. ಅವನ ಮೇಲೆ ಸುರಿದ 26 ಅಂಕದಲ್ಲಿ ನಾಲ್ಕು ಲೈನ್‌ಮನ್‌ಗಳಿಗೆ ಬ್ಲಾಕ್ ಕಲಿಸಬಹುದಿತ್ತು. ಆರು ಗುಣಿಸು ನಾಲ್ಕು, ಇಪ್ಪತ್ನಾಲ್ಕು, ಮೇಲೆ ಎರಡು ಚಿಲ್ಲರೆ. ನಾಲ್ಕು ಜನ ಬ್ಲಾಕ್ ಬಲ್ಲವರು ಮುಂದಿನ ಸಾಲಿನಲ್ಲಿ ನಿಂತಿದ್ದರೆ ಮೊದಲರ್ಧದಲ್ಲಿ ಅಷ್ಟು ಜನ ಬೀಳುತ್ತಲೇ ಇರಲಿಲ್ಲ. ಅಪೋಥೆಕರಿ ಉಳಿಯುತ್ತಿದ್ದ. ಚಿಲ್ಟಾರಿ ಬದುಕುತ್ತಿದ್ದನೋ ಏನೋ. ಇಷ್ಟು ಸಣ್ಣ ಕೂಡುವ ಲೆಕ್ಕ ನನಗೆ ಅವನು ಸತ್ತ ಮೇಲೆ ಹೊಳೆಯಿತು, ನಾನು ಅಕೌಂಟ್ಸ್‌ನಲ್ಲಿ ಕೆಲಸ ಮಾಡುವವನು!

ಈಗ ಬಾಡಿಗೆ ಸ್ಟಾರ್ ವಿಷಯ. ನಾನೂ ತಂದೆ, ಹಾಕ್‌ಫ್ಲೆಮ್ ಸ್ಕಟಲ್‌ಸ್ಪೈಕ್‌ನನ್ನು. ಎರಡು ತಲೆ, ಜಾಸ್ತಿ ಕೈಗಳು, ಬೆಲೆ ಎರಡು ಲಕ್ಷದ ಆಸುಪಾಸು. ಚಿಲ್ಟಾರಿ ಹೋಗಿ ನನ್ನ ತಂಡದ ಮೌಲ್ಯ ಇಳಿದಿತ್ತಲ್ಲ, ಎದುರಾಳಿಗಿಂತ ಎಷ್ಟು ಕಡಿಮೆಯೋ ಅಷ್ಟು ಹಣ ಆಯಾ ಪಂದ್ಯಕ್ಕೆ ಸಿಗುತ್ತಿತ್ತು. ಅದರಲ್ಲಿ ಮೂರು ಪಂದ್ಯಕ್ಕೆ ಕರೆಸಿದೆ. ಐದು ಟಚ್‌ಡೌನ್ ಹೊಡೆದ, ಸುಳ್ಳು ಯಾಕೆ ಹೇಳಲಿ. ನೋಡಲು ಹಬ್ಬ. ಆದರೆ ಆ ಹದಿನೈದು ಅಂಕದಲ್ಲಿ ಒಂದೂ ನನ್ನ ತಂಡದಲ್ಲಿ ಉಳಿಯಲಿಲ್ಲ. ಪಂದ್ಯ ಮುಗಿದ ಕೂಡಲೇ ಅವನು ಅವನ ದಾರಿ ಹಿಡಿದ. ನನ್ನ ಇಲಿಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಚಿಲ್ಟಾರಿಗೆ ಉಣಿಸಿ ಉಣಿಸಿ ಮಾಡಿದ ತಪ್ಪನ್ನೇ ಈಗ ಮನೆಗೆ ಸೇರದ ನೆಂಟನಿಗೆ ಉಣಿಸಿ ಮಾಡುತ್ತಿದ್ದೆ. ಗ್ರಿಫ್ ಕೂಡ ಅಷ್ಟೇ. ಮುಂಚೆ 3,20,000 ಇದ್ದವನು 2020ರ ನಿಯಮದಲ್ಲಿ 2,80,000 ಆದ, ಆದರೂ ಅವನು ಬಾಡಿಗೆಯವನೇ. ಅವನಿಗೂ ಲೋನರ್ ಅನ್ನೋ ಗುಣ ಇದೆ, ತಂಡದ ರೀರೋಲ್ (ದಾಳ ಮತ್ತೆ ಹಾಕುವ ಅವಕಾಶ) ಬೇಕಾದರೆ ಮೊದಲು ಇನ್ನೊಂದು ದಾಳ ಗೆಲ್ಲಬೇಕು. ಫೈನಲ್‌ನಲ್ಲಿ ಒಂದು ಪಂದ್ಯ ಗೆಲ್ಲಲೇಬೇಕಾದರೆ ಕರೆಸಿ. ಸತ್ತವನ ಜಾಗ ತುಂಬಲು ಅಂತ ಕರೆಸಬೇಡಿ.

ತಂಡ ಮುಚ್ಚುವ ಮಾತು ನನಗೆ ಅರ್ಥವೇ ಆಗಲಿಲ್ಲ. ನಿಮ್ಮ ಬ್ಲಿಟ್ಜರ್ ಸಾಯದೇ ಇದ್ದಿದ್ದರೂ ಎಷ್ಟು ದಿನ ಇರುತ್ತಿದ್ದ ಅಂದುಕೊಂಡಿದ್ದೀರಿ? ಸೀಸನ್ ಮುಗಿದು ರೀಡ್ರಾಫ್ಟ್, ಅಂದರೆ ತಂಡವನ್ನು ಮತ್ತೆ ಕಟ್ಟುವ ಹೊತ್ತು, ಬಂದಾಗ ಹಳೆಯ ಆಟಗಾರನಿಗೆ ಅವನ ಬೆಲೆಯ ಮೇಲೆ ಪ್ರತಿ ಸೀಸನ್ನಿಗೆ 20,000ದಂತೆ ಏಜೆಂಟ್ ಶುಲ್ಕ ಕೊಡಬೇಕು. ಚಿಲ್ಟಾರಿಯದೇ ಲೆಕ್ಕ ಹಾಕಿದೆ. 85,000ಕ್ಕೆ ಮೂರು ಕೌಶಲದ 60,000 ಸೇರಿಸಿ, ಎರಡು ಸೀಸನ್ನಿನ 40,000 ಸೇರಿಸಿ. 1,85,000. ನಾಲ್ಕನೇ ಕೌಶಲ ಬಂದಿದ್ದರೆ 2,05,000, ಹಾಕ್‌ಫ್ಲೆಮ್‌ನ ಮಟ್ಟದ ಬೆಲೆ! ಒಬ್ಬ ಗಟರ್ ರನ್ನರ್‌ಗೆ ಅಷ್ಟು ಕೊಟ್ಟು ಉಳಿದ ಹತ್ತು ಜನರನ್ನು ಎಲ್ಲಿಂದ ತರುತ್ತಿದ್ದೆ? ನಾಲ್ಕು ಸೀಸನ್ ಆಡಿದ ನಿಮ್ಮವನಿಗೆ ಶುಲ್ಕವೇ 80,000, ಹೊಸ ಬ್ಲಿಟ್ಜರ್ ಒಬ್ಬನ ಬೆಲೆಗೆ 5,000 ಕಡಿಮೆ. ಈ ಆಟ ಕಟ್ಟಿದವರು ಸ್ಟಾರ್‌ಗಳು ಬದಲಾಗಲಿ ಅಂತಲೇ ಕಟ್ಟಿದ್ದಾರೆ. ಸಾವು ಬರದಿದ್ದರೆ ಬಿಲ್ ಬರುತ್ತದೆ.

ನನ್ನ ತಂಡದ ಈಗಿನ ಸ್ಟಾರ್ ಡೊಳ್ಳ, ಒಬ್ಬ ಸ್ಟಾರ್ಮ್‌ವರ್ಮಿನ್, ಅಂದರೆ ಹೊಡೆದಾಡುವ ಹೆಗ್ಗಣ. ಅವನನ್ನು ನಾನು ಬೆಳೆಸಲೇ ಇಲ್ಲ. ಪಂದ್ಯದ ಕೊನೆಗೆ ಎಂವಿಪಿಗೆ, ಅಂದರೆ ಪಂದ್ಯದ ಉತ್ತಮ ಆಟಗಾರನ ಬಿರುದಿಗೆ, ಆರು ಜನರ ಹೆಸರು ಕೊಟ್ಟು ದಾಳ ಹಾಕುತ್ತೇವಲ್ಲ, ಅದು ಮೂರು ಸಲ ಅವನ ಮೇಲೇ ಬಿತ್ತು. ಸಲಕ್ಕೆ 4 ಅಂಕ. ಮಧ್ಯೆ ಇಬ್ಬರು ಎಲ್ಫ್‌ಗಳ ಎಲುಬು ಮುರಿದ, ಅದಕ್ಕೆ ತಲಾ 2. ಒಂದು ದಿನ ಹಾಳೆ ನೋಡಿದರೆ ತಂಡದಲ್ಲಿ ಅವನೇ ಎಲ್ಲರಿಗಿಂತ ಮೇಲೆ. ಓಟದಲ್ಲಿ ಗಟರ್ ರನ್ನರ್‌ನಷ್ಟಿಲ್ಲ, ಚೆಂಡು ಹಿಡಿಯಲು ನಾಚಿಕೆ. ಚಿಲ್ಟಾರಿಯನ್ನು ನೋಡಿದವರಿಗೆ ಇವನು ಸ್ಟಾರ್ ಅಂದರೆ ನಗು ಬರುತ್ತದೆ. ನನಗೂ ಮೊದಮೊದಲು ಬರುತ್ತಿತ್ತು. ಈಗ ಟಚ್‌ಡೌನ್ ಯಾರು ಹೊಡೆಯುತ್ತಾರೆ ಅಂತ ಪಂದ್ಯಕ್ಕೆ ಮುಂಚೆ ನನಗೂ ಗೊತ್ತಿರುವುದಿಲ್ಲ, ಎದುರಾಳಿಗೂ ಗೊತ್ತಿರುವುದಿಲ್ಲ. ಹನ್ನೊಂದನೇ ನಂಬರ್ ಮುಂದಿನ ಸೀಸನ್ನಿನ ಎರಡನೇ ಪಂದ್ಯದಲ್ಲೇ ಸತ್ತ, ಪಾಪ. ಹೆಸರು ಇಡೋಣ ಅಂತಿದ್ದೆ.

ನೀವು ಕೇಳಿದ ಎರಡೂ ಬೇಡ. ತಂಡ ಇಟ್ಟುಕೊಳ್ಳಿ. 85,000 ಕೊಟ್ಟು ಒಬ್ಬ ಮಾಮೂಲಿ ಬ್ಲಿಟ್ಜರ್ ತನ್ನಿ, ಇದ್ದ ನಾಲ್ಕು ಲೈನ್‌ಮನ್‌ಗಳಿಗೆ ಬ್ಲಾಕ್ ಕಲಿಸಿ. ಗೆರೆಯ ಹತ್ತಿರ ಯಾರಿದ್ದಾನೋ ಅವನೇ ಟಚ್‌ಡೌನ್ ಹೊಡೆಯಲಿ. ಎದುರಿಗೆ ಟ್ರೋಲ್ ಸ್ಲೇಯರ್ ಇದ್ದರೆ ಅಂಚಿನಿಂದ ಮೂರನೇ ಮನೆ, ಎರಡನೆಯದಲ್ಲ.