ಆ ನೂರು ತಲಾಂತು ಬೆಳ್ಳಿಯ ಗತಿ ಏನು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ವಯಸ್ಸು ಇಪ್ಪತ್ತೇಳು, ಮಂಗಳೂರಿನಲ್ಲಿ ಕಂಪೆನಿ ಕೆಲಸ. ಭಾನುವಾರ ಆರಾಧನೆ ತಪ್ಪಿಸುವುದಿಲ್ಲ, ಯುವಜನರ ಕೂಟದಲ್ಲೂ ಇದ್ದೀರಿ. ಆದರೂ ಅರೆಮನಸ್ಸಿನ ಕ್ರೈಸ್ತ ಅನ್ನಿಸುತ್ತದೆ. ಗೆಳೆಯನೊಬ್ಬ "ಲೋಕದ ಕೆಲಸವೆಲ್ಲ ಒಂದು ದಿನ ಸುಟ್ಟುಹೋಗುತ್ತದೆ, ರಾಜೀನಾಮೆ ಕೊಟ್ಟು ಸೇವೆಗೆ ಬಾ" ಅನ್ನುತ್ತಿದ್ದಾನೆ. ಅಣ್ಣನ ಜೊತೆ ಮನೆ ಜಾಗದ ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದೆ. ನಿತ್ಯಜೀವವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪೂರ್ಣ ಹೃದಯದಿಂದ ಬದುಕುವುದು ಅಂದರೆ ಏನು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ನಾನು ಸಭಾಪಾಲಕನಲ್ಲ. ಉಡುಪಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ ಅನ್ನುವ ಪ್ರೊಟೆಸ್ಟಂಟ್ ಸಭೆಯವನು. ಅಂಗಡಿ ಗಲ್ಲೆಯ ಹಿಂದೆ ಕೂತವನಿಗೆ ತೋಚಿದ್ದನ್ನು ಹೇಳುತ್ತೇನೆ.

ಪೂರ್ಣ ಹೃದಯ ಅಂದ ಕೂಡಲೇ ನಮ್ಮವರು ಹಾಕುವ ಲೆಕ್ಕ ಬೇರೆ. ಎಷ್ಟು ಕೂಟಕ್ಕೆ ಬಂದ, ಎಷ್ಟು ಹೊತ್ತು ಪ್ರಾರ್ಥಿಸಿದ, ಎಷ್ಟು ಉಪವಾಸ ಮಾಡಿದ. ಬೆಳೆ ಹಬ್ಬದ ದಿನ ಸಭೆಗೋಸ್ಕರ ನಡೆಯುವ ಏಲಂನಲ್ಲಿ ಒಂದು ಕುಂಬಳಕಾಯಿಗೆ ಎಷ್ಟು ಸಾವಿರ ಕೂಗಿದ ಅನ್ನುವುದೂ ಆ ಲೆಕ್ಕಕ್ಕೆ ಸೇರುತ್ತದೆ ಅನ್ನಿ! ಇದೆಲ್ಲ ಒಳ್ಳೆಯದೇ. ಆದರೆ ಹೃದಯ ಪೂರ್ತಿ ಇದೆಯಾ ಇಲ್ಲವಾ ಅನ್ನುವುದು ಇದರಲ್ಲಿ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ನಷ್ಟ ಎದುರಿಗೆ ಬಂದು ನಿಂತಾಗ.

ಬೈಬಲಿನಲ್ಲಿ ಅಮಚ್ಯ ಅಂತ ಒಬ್ಬ ಯೆಹೂದದ ರಾಜ. ಪ್ರಸಂಗಗಳಲ್ಲಿ ಇವನ ಹೆಸರು ಬರುವುದು ಕಮ್ಮಿ. ಎರಡನೆಯ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯದಲ್ಲಿ ಕಥೆ ಇದೆ. ಇವನು ದೇವರಿಗೆ ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣ ಹೃದಯದಿಂದ ಮಾಡಲಿಲ್ಲ ಅಂತ ಎರಡನೇ ವಚನದಲ್ಲೇ ಹೇಳಿಬಿಡುತ್ತದೆ. ನಿಮಗೆ ನಿಮ್ಮ ಬಗ್ಗೆ ಅನ್ನಿಸಿದ್ದೂ ಇದೇ ಅಲ್ವಾ?

ಎದೋಮ್ಯರ ಮೇಲೆ ಯುದ್ಧಕ್ಕೆ ಹೊರಟ ಅಮಚ್ಯ ಪಕ್ಕದ ಇಸ್ರಾಯೇಲ್ ರಾಜ್ಯದಿಂದ ಒಂದು ಲಕ್ಷ ಸೈನಿಕರನ್ನು ಬಾಡಿಗೆಗೆ ತರುತ್ತಾನೆ. ಕೊಟ್ಟದ್ದು ನೂರು ತಲಾಂತು ಬೆಳ್ಳಿ. ಒಂದು ತಲಾಂತು ಅಂದರೆ 30 ಕಿಲೋಗೂ ಜಾಸ್ತಿ. ಅಂದರೆ 3 ಟನ್‌ಗೆ ಮೇಲೆ ಬೆಳ್ಳಿ, ಅದೂ ಅಡ್ವಾನ್ಸ್. ಆಗ ದೇವರ ಮನುಷ್ಯನೊಬ್ಬ ಬಂದು, ಈ ಸೈನ್ಯ ನಿನ್ನ ಜೊತೆ ಬರಬಾರದು, ವಾಪಸ್ ಕಳಿಸು ಅನ್ನುತ್ತಾನೆ. ರಾಜ ಕೇಳುವುದು ಒಂದೇ ಪ್ರಶ್ನೆ: ಹಾಗಾದರೆ ನಾನು ಕೊಟ್ಟ ಆ ನೂರು ತಲಾಂತಿನ ಗತಿ ಏನು?

ವ್ಯಾಪಾರಿಯಾದ ನನಗೆ ಈ ಪ್ರಶ್ನೆ ತುಂಬ ಹತ್ತಿರದ್ದು. ಅವನು ದೇವರನ್ನು ಅಲ್ಲಗಳೆಯಲಿಲ್ಲ. ಪ್ರವಾದಿಯನ್ನು ಬೈಯಲೂ ಇಲ್ಲ. ದುಡ್ಡಿನ ಲೆಕ್ಕ ಮಾತ್ರ ಕೇಳಿದ. ದೇವರು ಅದಕ್ಕಿಂತ ಎಷ್ಟೋ ಹೆಚ್ಚು ಕೊಡಬಲ್ಲನು ಅಂತ ಉತ್ತರ ಬಂತು. ಅಮಚ್ಯ ಸೈನ್ಯವನ್ನು ವಾಪಸ್ ಕಳಿಸಿದ.

ಮುಂದೆ ಆದದ್ದನ್ನು ಪ್ರಸಂಗ ಮಾಡುವವರು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ವಾಪಸ್ ಹೋದ ಸೈನಿಕರು ಸಿಟ್ಟಿನಲ್ಲಿ ಯೆಹೂದದ ಊರುಗಳ ಮೇಲೆಯೇ ಬಿದ್ದರು. ಮೂರು ಸಾವಿರ ಜನರನ್ನು ಕೊಂದು ಕೊಳ್ಳೆ ಹೊಡೆದರು. ಬೆಳ್ಳಿ ತಿರುಗಿ ಬಂತು ಅಂತ ಎಲ್ಲೂ ಬರೆದಿಲ್ಲ. ಮಾತು ಕೇಳಿದವನಿಗೆ ಮೇಲಿಂದ ಇನ್ನೊಂದು ನಷ್ಟ. ಯುದ್ಧವನ್ನೇನೋ ಗೆದ್ದ. ಆದರೆ ಸೋತ ಎದೋಮ್ಯರ ದೇವರುಗಳನ್ನೇ ಮನೆಗೆ ತಂದು ಅಡ್ಡಬಿದ್ದ. ಅರ್ಧ ಹೃದಯ ಅಂದರೆ ಹೀಗಿರುತ್ತದೆ. ಒಂದು ಸಲ ದೊಡ್ಡ ನಷ್ಟ ತಡೆದುಕೊಂಡವನು ಗೆದ್ದ ಮರುದಿನವೇ ಜಾರಿಬಿದ್ದ.

ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಮ್ಮೆಲ್ಲರ ಹತ್ತಿರವೂ ಒಂದು ನೂರು ತಲಾಂತು ಇರುತ್ತದೆ. ದೇವರ ಮಾತು ಸರಿ, ಒಪ್ಪಿದೆ, ಆದರೆ ಇದರ ಗತಿ ಏನು ಅಂತ ಕೇಳುವ ಒಂದು ಜಾಗ. ನಿತ್ಯಜೀವದ ನೆನಪು ಕೆಲಸಕ್ಕೆ ಬರುವುದು ಅಲ್ಲಿ. ಎಪ್ಪತ್ತೋ ಎಂಬತ್ತೋ ವರ್ಷಕ್ಕೆ ಎಲ್ಲ ಮುಗಿಯುವುದಾದರೆ ನಷ್ಟ ನಷ್ಟವೇ. ತುಂಬಿಕೊಳ್ಳಲು ಬೇರೆ ಸಮಯವೇ ಇಲ್ಲ. ಆಮೇಲೆಯೂ ಬದುಕು ಇದೆ, ಲೆಕ್ಕ ನೋಡುವವನು ಇದ್ದಾನೆ ಅಂತ ನಿಜವಾಗಿ ನಂಬಿದರೆ ಇವತ್ತಿನ ನಷ್ಟ ತಡೆದುಕೊಳ್ಳಬಹುದು. ಖುಷಿಯಿಂದ ಅಂತ ಹೇಳಲಾರೆ. ತಡೆದುಕೊಳ್ಳಬಹುದು, ಅಷ್ಟೇ.

ನನ್ನ ಅಂಗಡಿಯ ನೂರು ತಲಾಂತು ಬಹಳ ಸಾದಾ. ಗಿರಾಕಿ ಬಂದು "ಬಿಲ್ ಬೇಡ ಮಾರಾಯ್ರೆ, ಎಷ್ಟು ಕಮ್ಮಿ ಮಾಡ್ತೀರಿ?" ಅನ್ನುತ್ತಾರೆ. ಪೈಂಟ್‌ಗೆ 18 ಪರ್ಸೆಂಟ್ ಜಿಎಸ್‌ಟಿ. ಇಲ್ಲ ಅಂದರೆ ಅವರು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಿದ್ದಾರೆ ಕೂಡ. ಅವರಲ್ಲಿ ನಮ್ಮ ಸಭೆಯವರೂ ಇದ್ದಾರೆ! ಇನ್ನೊಂದು ಲೋಡಿಂಗ್ ಕೆಲಸದವರ ಕೂಲಿ. ಗದಗ, ಬಾಗಲಕೋಟೆ, ಕೊಪ್ಪಳ ಕಡೆಯಿಂದ ಬಂದ ಜನ. ಶನಿವಾರ ಸಂಜೆ ಕೊಡಬೇಕಾದ್ದನ್ನು ಸೋಮವಾರಕ್ಕೆ ಮುಂದೂಡಿದರೆ ಕೇಳುವ ಧೈರ್ಯ ಅವರಿಗಿಲ್ಲ. ನನಗೆ ಅದರಿಂದ ಬ್ಯಾಂಕಿನಲ್ಲಿ ಸ್ವಲ್ಪ ಸಲೀಸಾಗುತ್ತದೆ. ಯಾರಿಗೂ ಕಾಣದ ಲಾಭ ಅದು. ಭಾನುವಾರ ಬೆಳಿಗ್ಗೆ ನಾನು ಎಷ್ಟು ಗಟ್ಟಿಯಾಗಿ ಕೀರ್ತನೆ ಹಾಡಿದರೂ, ನನ್ನ ಹೃದಯ ಎಲ್ಲಿದೆ ಅನ್ನುವುದು ಶನಿವಾರ ಸಂಜೆಯೇ ತೀರ್ಮಾನ ಆಗಿರುತ್ತದೆ.

ಈಗ ನಿಮ್ಮ ಗೆಳೆಯನ ಮಾತು. "ಸುಟ್ಟುಹೋಗುತ್ತದೆ" ಅನ್ನುವುದನ್ನು ಅವರು ಬಹುಶಃ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯದಿಂದ ತೆಗೆದಿರಬೇಕು. ಪ್ರತಿಯೊಬ್ಬನ ಕೆಲಸವನ್ನೂ ಬೆಂಕಿ ಪರೀಕ್ಷಿಸುತ್ತದೆ, ಕಟ್ಟಿಗೆ, ಹುಲ್ಲು ಉಳಿಯುವುದಿಲ್ಲ ಅನ್ನುವ ಮಾತು ಅಲ್ಲಿದೆ. ಆದರೆ ಅಲ್ಲಿ ಪತ್ರ ಬರೆದ ಅಪೊಸ್ತಲ ಪೌಲ ಯಾರ ಬಗ್ಗೆ ಮಾತಾಡುತ್ತಿದ್ದಾನೆ ನೋಡಿ. ಬ್ಯಾಂಕು, ಕಚೇರಿ, ಅಂಗಡಿಯಲ್ಲಿ ದುಡಿಯುವವರ ಬಗ್ಗೆ ಅಲ್ಲ. ತಾನು, ಅಪೊಲ್ಲೋಸ್, ಹೀಗೆ ಸಭೆ ಕಟ್ಟುವವರ ಬಗ್ಗೆ. ಅಂದರೆ "ಪೂರ್ಣಾವಧಿ ಸೇವೆ" ಅಂತ ನಾವು ಕರೆಯುವುದೂ ಹುಲ್ಲಾಗಿ ಸುಟ್ಟುಹೋಗಬಹುದು. ಗೆಳೆಯನಿಗೆ ಇದನ್ನು ಮೆಲ್ಲ ತೋರಿಸಿ. ಜಗಳ ಬೇಡ.

ಅದೇ ಪತ್ರದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇನ್ನೊಂದಿದೆ. ಹದಿನೈದನೇ ಅಧ್ಯಾಯ ಪೂರ್ತಿ ಪುನರುತ್ಥಾನದ್ದು, ಅಂದರೆ ಸತ್ತವರು ಮತ್ತೆ ಎದ್ದುಬರುವುದರ ಬಗ್ಗೆ, 58 ವಚನ. ಶವಸಂಸ್ಕಾರದಲ್ಲಿ ನಾವು ಕೇಳುವುದು ಅದನ್ನೇ. ಮರಣವೇ, ನಿನ್ನ ಜಯವೆಲ್ಲಿ ಅಂತ ಏರಿ ಏರಿ ಹೋಗುತ್ತದೆ. ಕೊನೆಯ ವಚನದಲ್ಲಿ ನಿಮ್ಮ ದುಡಿಮೆ ಕರ್ತನಲ್ಲಿ ವ್ಯರ್ಥವಲ್ಲ ಅನ್ನುತ್ತಾನೆ. ಅದರ ಮುಂದಿನ ವಚನ ಯಾವುದು ಗೊತ್ತಾ? ಈಗ ಕಾಣಿಕೆ ಸಂಗ್ರಹದ ವಿಷಯ. ವಾರದ ಮೊದಲ ದಿನ ನಿಮ್ಮ ನಿಮ್ಮ ಸಂಪಾದನೆಯಲ್ಲಿ ಒಂದಿಷ್ಟು ತೆಗೆದಿಡಿ, ಯೆರೂಸಲೇಮಿನವರಿಗೆ ಕಳಿಸಬೇಕು ಅಂತ. ನಿತ್ಯಜೀವದಿಂದ ಸೀದಾ ದುಡ್ಡಿನ ಡಬ್ಬಕ್ಕೆ! ಪೌಲನಿಗೆ ಇವೆರಡು ಬೇರೆ ಬೇರೆ ವಿಷಯ ಆಗಿರಲೇ ಇಲ್ಲ.

ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯವೂ ಹಾಗೆಯೇ. ಮೇಲಿರುವಂಥವುಗಳ ಮೇಲೆ ಮನಸ್ಸಿಡಿ ಅಂತ ಶುರುವಾಗುತ್ತದೆ. ಆಮೇಲೆ ಇಳಿಯುತ್ತಾ ಬರುತ್ತದೆ. ಸಿಟ್ಟು ಬಿಡಿ, ಸುಳ್ಳು ಹೇಳಬೇಡಿ, ಹೆಂಡತಿಗೆ ಕಠಿಣವಾಗಬೇಡಿ, ಮಕ್ಕಳನ್ನು ಕೆಣಕಬೇಡಿ. ಏನು ಮಾಡಿದರೂ ಮನುಷ್ಯರಿಗೋಸ್ಕರ ಅಲ್ಲ, ಕರ್ತನಿಗೋಸ್ಕರ ಅಂತ ಮನಃಪೂರ್ವಕವಾಗಿ ಮಾಡಿ ಅನ್ನುವ ಮಾತು ಬರುವುದೂ ಅಲ್ಲೇ. ಅದನ್ನು ಹೇಳಿದ್ದು ದಾಸರಿಗೆ. ರಾಜೀನಾಮೆ ಕೊಡುವ ಅವಕಾಶವೇ ಇಲ್ಲದ ಜನರಿಗೆ. ನಿಮ್ಮ ಕಂಪೆನಿ ಕೆಲಸ ಅದಕ್ಕಿಂತ ಕೆಟ್ಟದ್ದೇನಲ್ಲ.

ನಮ್ಮ ಊರಿನ ಉದಾಹರಣೆ ಬೇಕಾದರೆ ಹಂಚನ್ನೇ ನೋಡಿ. 1834ರಲ್ಲಿ ಸ್ವಿಟ್ಜರ್‌ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಆಗ ಕ್ರೈಸ್ತರಾದವರು ಎಷ್ಟೋ ಕಡೆ ಮನೆ, ಕುಲಕಸುಬು ಎರಡನ್ನೂ ಕಳೆದುಕೊಂಡರು. ಅವರ ನೂರು ತಲಾಂತು ಅದು. ಅವರಿಗೆ ಬರೀ ಪ್ರಸಂಗ ಸಾಕಾಗಲಿಲ್ಲ. ನೇಯ್ಗೆ ಬಂತು, ಮುದ್ರಣ ಬಂತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅನ್ನುವವರು ಹಂಚಿನ ಕಾರ್ಖಾನೆ ಶುರು ಮಾಡಿದರು. ಪರಲೋಕದ ಮಾತಾಡುತ್ತಾ ಹಡಗು ಹತ್ತಿ ಬಂದವರು ಜೇಡಿಮಣ್ಣು ಕಲಸುವುದನ್ನು ಕೀಳು ಅಂದುಕೊಳ್ಳಲಿಲ್ಲ. ಮಿಶನ್ನಿನವರಲ್ಲಿ ಬಿಗುಮಾನ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಅದು ಬೇರೆ ವಿಷಯ. ಉಡುಪಿಯ ನಮ್ಮ ಮಿಶನ್ ಆಸ್ಪತ್ರೆಯೂ ಹಾಗೆಯೇ. 1923ರಲ್ಲಿ ಸ್ವಿಟ್ಜರ್‌ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಅದನ್ನು ಶುರು ಮಾಡಿದರು. ನಿತ್ಯಜೀವ ನಂಬಿದವರು ಇಲ್ಲಿ ಹೆರಿಗೆ ಮಾಡಿಸುತ್ತಾ ಕೂತರು.

ಇನ್ನೊಬ್ಬರ ಹೆಸರು ಹೇಳಲೇಬೇಕು. ನಾನು ಕಥೊಲಿಕನಲ್ಲ, ಆದರೂ ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿನ ಅಲೋಶಿಯಸ್ ಚಾಪೆಲ್‌ಗೆ ಹೋದಾಗ ತಲೆ ಎತ್ತಿ ನೋಡುತ್ತಾ ನಿಲ್ಲುತ್ತೇನೆ. ಇಟಲಿಯಿಂದ ಬಂದ ಚಿತ್ರಕಾರ ಮೊಸ್ಕೇನಿ ಅಲ್ಲಿನ ಚಾವಣಿಯಲ್ಲಿ ಬರೆದದ್ದು ಅಲೋಶಿಯಸ್ ಗೊಂಜಾಗ ಅವರ ಜೀವನ. ದೊಡ್ಡ ಮನೆತನದ ಹಿರಿಯ ಮಗ. ಆಸ್ತಿ, ಪದವಿ ಎಲ್ಲ ಅವರಿಗೇ ಬರಬೇಕಿತ್ತು. 1585ರಲ್ಲಿ ಎಲ್ಲವನ್ನೂ ತಮ್ಮನಿಗೆ ಬರೆದುಕೊಟ್ಟು ಕಥೊಲಿಕ ಸನ್ಯಾಸಿಗಳಾದ ಜೆಸ್ವಿತರ ಸಂಘ ಸೇರಿದರು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಬಂದಾಗ ರೋಗಿಗಳ ಸೇವೆ ಮಾಡುತ್ತಾ ತಾವೂ ಕಾಯಿಲೆ ಬಿದ್ದು 23ರ ವಯಸ್ಸಿಗೇ ತೀರಿಕೊಂಡರು. ಯಾವುದೇ ವಿಷಯ ಬಂದರೂ ನಿತ್ಯತೆಯ ಮುಂದೆ ಇದು ಎಷ್ಟರದ್ದು ಅಂತ ಕೇಳಿಕೊಳ್ಳುತ್ತಿದ್ದರಂತೆ. ನಿಮಗೆ ಬೇಕಾದ ಸಂಗತಿ ಇನ್ನೊಂದಿದೆ. ಆಸ್ತಿ ಬಿಟ್ಟು ಹೋದ ಮೇಲೆ ಆ ತಮ್ಮನಿಗೂ ಮಾಂಟುವಾದ ಡ್ಯೂಕ್‌ಗೂ ಜಮೀನಿನ ತಕರಾರು ಬಂತು. ರಾಜಿ ಮಾಡಿಸಲು ಊರಿಗೆ ಬಂದವರು ಇದೇ ಅಲೋಶಿಯಸ್. ಜಮೀನು ಲೋಕದ ವಿಷಯ, ನನಗೆ ಬೇಡ ಅನ್ನಲಿಲ್ಲ.

ದಿನಾ ಸಾವನ್ನು ನೆನೆಯಬೇಕಾ ಅಂತ ನಿಮಗೆ ಅನ್ನಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಬರುವ ಅಂತ್ಯಕಾಲದ ವಿಡಿಯೋ ನೋಡಿ ಹೆದರುವುದು ಬೇಡ. ಅವು ಭಯ ಹುಟ್ಟಿಸುತ್ತವೆ, ಮನುಷ್ಯನನ್ನು ಬದಲಾಯಿಸುವುದಿಲ್ಲ. ಸಾವು ನೆನಪಾಗಬೇಕಾದರೆ ನಮ್ಮ ಊರಲ್ಲಿ ಬೇರೆ ಏನೂ ಬೇಡ. ಯಾರಾದರೂ ತೀರಿಕೊಂಡರೆ ಅರ್ಧ ಊರೇ ಸೇರುತ್ತದೆ. ಮಣ್ಣು ಹಾಕಿ, ಕೈ ತೊಳೆದು, ಗೇಟಿನ ಹತ್ತಿರ ನಿಂತು ಮಾತಾಡುವುದು ಮಾತ್ರ ಸೆಂಟ್ಸ್ ಜಾಗದ ರೇಟಿನ ಬಗ್ಗೆ. ನಾನೂ ಆ ಗುಂಪಿನಲ್ಲಿ ನಿಂತವನೇ. ದಿನಗಳನ್ನು ಎಣಿಸಲು ಕಲಿಸು ಅಂತ ಕೀರ್ತನೆ 90ರಲ್ಲಿ ಮೋಶೆ ಕೇಳಿದ್ದು ಸುಮ್ನೆ ಅಲ್ಲ. ಎಣಿಸಲು ನಮಗೆ ತಾನಾಗಿ ಬರುವುದಿಲ್ಲ. ರಾತ್ರಿ ಮಲಗುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಯಾವ ನಷ್ಟಕ್ಕೆ ಹೆದರಿ ಸರಿಯಾದದ್ದನ್ನು ಬಿಟ್ಟೆ? ಇಷ್ಟು ಸಾಕು.

ಇನ್ನು ಅಣ್ಣನ ವಿಷಯ. ನಿಮ್ಮ ನೂರು ತಲಾಂತು ಕೆಲಸದಲ್ಲಿಲ್ಲ, ಆ ಜಾಗದಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ನಿಮ್ಮದೇ ಕೇಸು ಲೂಕನ ಸುವಾರ್ತೆ 12ರಲ್ಲಿ ಇದೆ. ಗುಂಪಿನಲ್ಲಿದ್ದ ಒಬ್ಬ ಯೇಸುವಿಗೆ, ನನ್ನ ಅಣ್ಣನಿಗೆ ಹೇಳಿ ಪಾಲು ಕೊಡಿಸು ಅಂದ. ಯೇಸು ನ್ಯಾಯ ತೀರಿಸಲು ಒಪ್ಪಲಿಲ್ಲ. ಪಾಲು ಕೇಳಬಾರದು ಅಂತಲೂ ಹೇಳಲಿಲ್ಲ. ಆಸೆಬುರುಕತನದ ಬಗ್ಗೆ ಎಚ್ಚರ ಅಂದು, ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟಲು ಹೊರಟ ಸಾಹುಕಾರ ಅದೇ ರಾತ್ರಿ ಸತ್ತ ಕಥೆ ಹೇಳಿದ. ಹಾಗಾಗಿ ಹಕ್ಕು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಹಕ್ಕು ಕೇಳುವುದು ಬೇರೆ, ಮಾತು ಬಿಡುವುದು ಬೇರೆ. ಮತ್ತಾಯ 5ರಲ್ಲಿ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಇಟ್ಟು ಮೊದಲು ಹೋಗಿ ರಾಜಿಯಾಗು ಅಂತ ಇದೆಯಲ್ಲ, ಅಲ್ಲಿ ತಪ್ಪು ಯಾರದ್ದು ಅಂತ ನಿರ್ಧರಿಸಿ ಹೋಗು ಅಂತ ಹೇಳಿಲ್ಲ. ಅಣ್ಣನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ನೀನೇ ಹೋಗು, ಅಷ್ಟೇ.

ಫೋನ್, ಮೆಸೇಜು ಬೇಡ. ಮನೆಗೇ ಹೋಗಿ. ಮೊದಲ ಸಲ ಕಾಗದಪತ್ರ ಹಿಡಿದುಕೊಂಡು ಹೋಗಬೇಡಿ, ಅತ್ತಿಗೆಯನ್ನು ಮಾತಾಡಿಸಿ, ಚಾ ಕೊಟ್ಟರೆ ಕುಡಿದು ಬನ್ನಿ. ಎರಡನೇ ಸಲ ಜಾಗದ ಮಾತು ತೆಗೆಯಬಹುದು. ಇಬ್ಬರೂ ಒಪ್ಪುವ ಸಭೆಯ ಹಿರಿಯರೊಬ್ಬರನ್ನು ಆಗ ಕರೆದುಕೊಂಡು ಹೋಗಿ. ಎಷ್ಟರವರೆಗೆ ಬಿಟ್ಟುಕೊಡಬಲ್ಲೆ ಅನ್ನುವುದನ್ನು ಮನೆಯಲ್ಲೇ ಪ್ರಾರ್ಥನೆ ಮಾಡಿ ತೀರ್ಮಾನಿಸಿ ಹೋಗಿ, ಅಲ್ಲಿ ಹೋಗಿ ಚೌಕಾಸಿ ಬೇಡ. ಅಣ್ಣ ಒಪ್ಪದೆಯೂ ಇರಬಹುದು. ಬಿಟ್ಟುಕೊಟ್ಟದ್ದು ವಾಪಸ್ ಬಾರದೆಯೂ ಇರಬಹುದು. ರಾಜೀನಾಮೆ ಪತ್ರ ಬರೆಯುವುದು ಬಿಡುವುದು ಅದಾದ ಮೇಲೆ ನೋಡಿದರಾಯಿತು.