ನಮ್ಮ ಆಸ್ಪತ್ರೆಯ ಓಪಿಡಿ (ಹೊರರೋಗಿ ವಿಭಾಗ), ಡಯಾಲಿಸಿಸ್ ಎರಡನ್ನೂ ಶನಿವಾರ ಬಾಗಿಲು ಹಾಕಿ ಸೋಮವಾರ ಹೊಸ ಕಟ್ಟಡದಲ್ಲಿ ತೆರೆಯಲು ಆಗುತ್ತಾ?

ಓಪಿಡಿ ಮಟ್ಟಿಗೆ ಆಗುತ್ತೆ. ನಿಮ್ಮ ಪ್ರಶ್ನೆಯಲ್ಲಿ ಡಯಾಲಿಸಿಸ್ ಕೂಡ ಇದೆಯಲ್ಲ, ಅದನ್ನು ಈ ಲೆಕ್ಕದಿಂದ ಹೊರಗಿಡಿ. ಇಂಥ ಸ್ಥಳಾಂತರದ ಉಸ್ತುವಾರಿ ನೋಡಿಕೊಂಡವಳಾಗಿ ಹೇಳ್ತಿದ್ದೀನಿ: ಮೇಜು ಕುರ್ಚಿ ಎಷ್ಟಿವೆ ಅಂತ ಎಣಿಸುವ ಮುಂಚೆ, ಯಾವ ರೋಗಿ ಎಷ್ಟು ದಿನ ಕಾಯಬಲ್ಲರು ಅಂತ ಬರೆದುಕೊಳ್ಳಿ. ಫಿಸಿಯೋಥೆರಪಿಯವರು ಸಾಮಾನ್ಯವಾಗಿ ಎರಡು ದಿನ ತಡೆದುಕೊಳ್ಳುತ್ತಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುವವರಿಗೆ ಒಂದು ಸರದಿ ತಪ್ಪಿದರೂ ಜೀವಕ್ಕೇ ಕುತ್ತು ಬರಬಹುದು.

ಅಲ್ಲಿ ಕಷ್ಟ ಯಂತ್ರದ್ದಲ್ಲ, ನೀರಿನದು. ನಾಲ್ಕು ಗಂಟೆಯ ಒಂದು ಸರದಿಯಲ್ಲಿ ಒಬ್ಬರಿಗೇ ಶುದ್ಧ ನೀರಿನಿಂದ ತಯಾರಿಸುವ ಡಯಾಲಿಸಿಸ್ ದ್ರವ ಸುಮಾರು 120 ಲೀಟರ್ ಬೇಕು. ನೀರಿನಲ್ಲಿ ಕ್ಲೋರಮೈನ್ (ಕ್ರಿಮಿ ಕೊಲ್ಲುವ ಕ್ಲೋರಿನ್ ಸಂಯುಕ್ತ) ಉಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಹೊಸ ಪೈಪುಗಳನ್ನು ಸೋಂಕುರಹಿತ ಮಾಡಿ, ನೀರಿನ ಮಾದರಿ ಕಳಿಸಿದರೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಯುತ್ತವೆಯೇ ಎಂಬ ಪರೀಕ್ಷೆ) ವರದಿಗೆ ಕೆಲವು ದಿನ, ಕೆಲವು ವಿಧಾನದಲ್ಲಿ ಒಂದು ವಾರವೇ ಬೇಕು. ಅದು ಸರಿ ಬರದಿದ್ದರೆ ಮತ್ತೆ ಮೊದಲಿಂದ. ಹಾಗಾಗಿ ನೀರು ಶುದ್ಧ ಮಾಡುವ ಹೊಸ ಆರ್‌ಓ ಘಟಕ ಮೊದಲೇ ಓಡುತ್ತಿರಲಿ. ಅರ್ಧ ಯಂತ್ರಗಳು ಅಲ್ಲಿ ನಿಂತು ಕೆಲಸ ಶುರುಮಾಡುವ ತನಕ ಹಳೆಯ ಡಯಾಲಿಸಿಸ್ ಘಟಕ ಮುಚ್ಚಬೇಡಿ.

ಲಸಿಕೆ, ಇನ್ಸುಲಿನ್ ಇಡುವ ಫ್ರಿಜ್ ಕೂಡ ಹಾಗೇ. ಖಾಲಿಯಾಗಿಯೇ ಓಡಿಸಿ, 2ರಿಂದ 8 ಡಿಗ್ರಿಯಲ್ಲಿ ನಿಲ್ಲುತ್ತದೆಂದು ಬರೆದಿಟ್ಟ ಮೇಲೆ ಔಷಧ ತುಂಬಿ.

ಸ್ಥಳಾಂತರಕ್ಕೆ ಒಂದು ವಾರ ಮುಂಚೆ ಸಿಬ್ಬಂದಿಯಲ್ಲೇ ಒಬ್ಬರನ್ನು ವ್ಹೀಲ್‌ಚೇರಿನಲ್ಲಿ ಕೂರಿಸಿ, ಗಾಡಿ ಇಳಿಯುವ ಜಾಗದಿಂದ ನೋಂದಣಿ, ಲ್ಯಾಬ್, ಔಷಧ ಕೌಂಟರ್ ತನಕ ತಳ್ಳಿಕೊಂಡು ಹೋಗಿ. ನಕ್ಷೆಯಲ್ಲಿ ಕಾಣದ್ದೆಲ್ಲ ಅಲ್ಲಿ ಕಾಣುತ್ತೆ: ತಾನೇ ಮುಚ್ಚಿಕೊಳ್ಳುವ ಭಾರದ ಬಾಗಿಲು, ಸ್ಟ್ರೆಚರ್ ಒಳಗೆ ಹೋದರೂ ಆಕ್ಸಿಜನ್ ಸಿಲಿಂಡರ್ ಹಿಡಿದವರಿಗೆ ಜಾಗವಿಲ್ಲದ ಲಿಫ್ಟ್. ಆಮೇಲೆ ಒಬ್ಬರು ಕುಸಿದುಬಿದ್ದಂತೆ ಮಾಡಿ ನೋಡಿ. ಹಳೆಯ ಕಡೆ ಐಸಿಯು ಮೇಲಿನ ಮಹಡಿಯಲ್ಲೇ ಇದ್ದಿರಬಹುದು. ಹೊಸ ಕಡೆ ಇಲ್ಲದಿದ್ದರೆ ಆಂಬುಲೆನ್ಸ್ ಬರುವ ತನಕ ಯಾರು ನೋಡಿಕೊಳ್ಳುತ್ತಾರೆ?

ಎಸ್‌ಎಂಎಸ್ ಕಳಿಸಿದೆವು, ಕೆಲಸ ಮುಗಿಯಿತು ಅನ್ನುವವರನ್ನು ನಂಬಬೇಡಿ (ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ). ಡಯಾಲಿಸಿಸ್, ಕೀಮೋ ರೋಗಿಗಳಿಗೆ ಫೋನ್ ಮಾಡಿ, ಕರೆತರುವವರ ಜೊತೆಗೂ ಮಾತಾಡಿ. ಫೋನ್ ನಂಬರ್ ಬದಲಾಗದಿರಲಿ. ಹಳೆಯ ಗೇಟಿನಲ್ಲಿ ದಾರಿ ಹೇಳಲು ಒಬ್ಬರು, ಕರೆದೊಯ್ಯಲು ಒಂದು ಗಾಡಿ ಕೆಲವು ವಾರ ಇರಲೇಬೇಕು.

ಮೊದಲ ವಾರ ಅಪಾಯಿಂಟ್‌ಮೆಂಟ್ ಅರ್ಧಕ್ಕಿಳಿಸಿ. ಎರಡೂ ಕಡೆ ಸಿಬ್ಬಂದಿ ಇಡುವ ಖರ್ಚನ್ನು ಈಗಲೇ ಬಜೆಟ್‌ನಲ್ಲಿ ಬರೆಸಿ. ಆಮೇಲೆ ಕೇಳಿದರೆ ಯಾರೂ ಕೊಡಲ್ಲ.