ಕುಡುವಿಗೆ .300 ಬೇಡ ಮಾರಾಯ, ಒದೆ ತಿನ್ನುವುದು ನಿನ್ನ ಭುಜ

ತಮ್ಮಾ, ನೀನು ಇಲ್ಲಿ ಹಾಕಿದ ಪೋಸ್ಟನ್ನು ನಿನ್ನೆ ರಾತ್ರಿಯೇ ಓದಿದೆ. ಜುಲೈಯಲ್ಲಿ ನಮೀಬಿಯಾದ ಭಾವನ ಮನೆಗೆ ಹೋಗ್ತಿದ್ದಿ, ಅಲ್ಲಿನ ಬೇಟೆ ಫಾರ್ಮಿನಲ್ಲಿ ಒಂದು ಕುಡು, ಒಂದು ಓರಿಕ್ಸ್ (ಎರಡೂ ಆಫ್ರಿಕದ ದೊಡ್ಡ ಜಿಂಕೆ ಜಾತಿ) ಬುಕ್ ಮಾಡಿದ್ದಿ. ಅವರು .30-06 ತೋಟೆಯ ರೈಫಲ್ ಬಾಡಿಗೆಗೆ ಕೊಡ್ತೇವೆ ಅಂದರೆ ನೀನು ಅದಕ್ಕಿಂತ ಜೋರಿನ .300 ವಿನ್ ಮ್ಯಾಗ್ ಬೇಕು ಅಂತ ಹಟ ಹಿಡಿದಿದ್ದಿ. "ಪವರ್ ಜಾಸ್ತಿ ಇದ್ದರೆ ಎಲ್ಲಿ ತಾಗಿದರೂ ಬೀಳ್ತದೆ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಸುಮ್ಮನೆ ಕೂರ್ಲಿಕ್ಕೆ ಆಗಲಿಲ್ಲ. ಇದೇ ಮಾತನ್ನು ನಾನೂ ಒಂದು ಕಾಲದಲ್ಲಿ ಎದೆ ಉಬ್ಬಿಸಿ ಹೇಳಿದವ.

ನಮೀಬಿಯಾದ ಬಂದರು ಊರು ವಾಲ್ವಿಸ್ ಬೇಯ ಒಂದು ಮೀನಿನ ಕಂಪನಿಯ ಐಸ್ ಪ್ಲಾಂಟಿನಲ್ಲಿ ಒಂಬತ್ತು ವರ್ಷ ದುಡಿದೆ. ಮಲ್ಪೆಯಲ್ಲಿ ಕಂಪ್ರೆಸರ್ ಬಿಚ್ಚಿ ಕಲಿತ ಕೆಲಸ ಅಲ್ಲಿ ಅನ್ನ ಹಾಕಿತು. ಎರಡನೇ ವರ್ಷ ಕೈಯಲ್ಲಿ ಸ್ವಲ್ಪ ದುಡ್ಡು ಆಡಿತು ನೋಡು, ಒಬ್ಬನ ಹತ್ತಿರ .300 ತೆಗೆದುಕೊಂಡು ಹೊರಟೆ. ಅದೂ ಹಗುರದ ರೈಫಲ್, ಹೊತ್ತು ನಡೀಲಿಕ್ಕೆ ಸುಖ ಅಂತ. ರೇಂಜಿನಲ್ಲಿ ಬೆಂಚಿನ ಮೇಲೆ ಕೂತು ಆರು ತೋಟೆ ಹೊಡೆದೆ. ಆರನೆಯದಕ್ಕೆ ರೈಫಲ್ ಹಿಂದಕ್ಕೆ ಒದ್ದ ಏಟಿಗೆ ಸ್ಕೋಪ್ ಬಂದು ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯಿತು, ಗುರುತು ಈಗಲೂ ಉಂಟು. ಮರುದಿನ ಕುಡು ಸಿಕ್ಕಿದ್ದು ಎಷ್ಟು ದೂರದಲ್ಲಿ ಗೊತ್ತುಂಟಾ? ಎಪ್ಪತ್ತು ಹೆಜ್ಜೆ. ಮುಳ್ಳುಪೊದೆಯ ಆಚೆ ಅಡ್ಡ ನಿಂತಿತ್ತು, ನಮ್ಮ ಕಡವೆಯಷ್ಟು ದೊಡ್ಡದು, ಕಿವಿ ಮಾತ್ರ ಅಲ್ಲಾಡ್ತಿತ್ತು. ಹುಬ್ಬಿನ ಗಾಯ ನೆನಪಾಗಿ ಕಣ್ಣು ಮುಚ್ಚಿದೆ, ಟ್ರಿಗರ್ ಎಳೆಯುವ ಬದಲು ಕಿತ್ತೆ. ಜಾಡು ಹಿಡಿಯುವವ ನೆಲದಿಂದ ಹಸಿರು ಬೆರೆತ ರಕ್ತವನ್ನು ಎರಡು ಬೆರಳಲ್ಲಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದ. ಹುಳಿ ಬಂದ ಹುಲ್ಲಿನ ವಾಸನೆ. ಹೊಟ್ಟೆಗೆ ಬಿದ್ದಿತ್ತು. ಅವ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಬೈದ ಹಾಗಾಯಿತು. ಕತ್ತಲಾಗುವವರೆಗೆ ಹುಡುಕಿದೆವು. ಮರುದಿನ ಬೆಳಿಗ್ಗೆ ಸಿಕ್ಕಿದಾಗ ನರಿಗಳು ಅರ್ಧ ಮುಗಿಸಿದ್ದವು. ಅಲ್ಲಿ ರಕ್ತ ಬಿದ್ದರೆ ಪೂರ್ತಿ ದುಡ್ಡು ಕೊಡಬೇಕು, ಪ್ರಾಣಿ ಕೈಗೆ ಬರಲಿ ಬಾರದಿರಲಿ. ಕೊಟ್ಟೆ.

ಈಗ ಲೆಕ್ಕ ನೋಡು. ನಮೀಬಿಯಾದಲ್ಲಿ ಯಾವ ಪ್ರಾಣಿಗೆ ಗುಂಡಿನ ಶಕ್ತಿ ಎಷ್ಟಿರಬೇಕು ಅಂತ ಕಾನೂನೇ ಜೂಲ್‌ನಲ್ಲಿ ಗೊತ್ತುಮಾಡಿದೆ. ಸ್ಪ್ರಿಂಗ್‌ಬಕ್‌ನಂಥ ಸಣ್ಣ ಜಿಂಕೆಗೆ ಕನಿಷ್ಠ 1350, ಕುಡು ಓರಿಕ್ಸ್ ಈಲ್ಯಾಂಡ್‌ಗೆ 2700, ಆನೆ ಕೇಪ್ ಬಫೆಲೊಗೆ 5400. .30-06ರಲ್ಲಿ 180 ಗ್ರೇನ್ ತೂಕದ ಗುಂಡು ನಳಿಗೆಯಿಂದ ಹೊರಡುವಾಗ ಸುಮಾರು 3900 ಜೂಲ್. ನಿನ್ನ .300ರದ್ದು ಸುಮಾರು 4700. ಎರಡೂ ಒಂದೇ ಖಾನೆಯಲ್ಲೇ ಬಿದ್ದವು ಮಾರಾಯ! ಬಫೆಲೊ ಹೊಡೆಯುವ ಅರ್ಹತೆ .300ಕ್ಕೂ ಬರ್ಲಿಲ್ಲ, ಅದಕ್ಕೆ 1912ರಲ್ಲಿ ಬಂದ .375 ಎಚ್ ಅಂಡ್ ಎಚ್‌ನಂಥ ದೊಡ್ಡ ತೋಟೆ ಬೇಕು. ಹಾಗಾದರೆ ಜಾಸ್ತಿ ಒದೆ ತಿಂದದ್ದು ಯಾಕೆ? "ದೂರಕ್ಕೆ" ಅಂತೀಯಾ? 200 ಗಜದಲ್ಲಿ ಗುರಿಗೆ ಸರಿಯಾಗಿ ತಾಗುವ ಹಾಗೆ ಸ್ಕೋಪ್ ಹೊಂದಿಸಿದರೆ 300 ಗಜದಲ್ಲಿ .30-06 ಎಂಟೂವರೆ ಇಂಚು ಇಳೀತದೆ, .300 ಏಳು ಇಂಚಿನ ಹತ್ತಿರ. ಆ ಒಂದೂವರೆ ಇಂಚಿಗಾಗಿ ಮೂರನೇ ಒಂದು ಪಾಲು ಜಾಸ್ತಿ ಒದೆತ. ಮತ್ತೆ 300 ಗಜಕ್ಕೆ ಹೊಡೀಲಿಕ್ಕೆ ನೀನು ಯಾರು? ಮೊದಲ ಸಲ ಹೋಗುವವ 150 ದಾಟಬಾರದು. ಪೊದೆಕಾಡಿನಲ್ಲಿ ಅಷ್ಟು ದೂರ ಕಾಣುವುದೇ ಕಷ್ಟ.

.30-06 ಸಿಗದಿದ್ದರೆ .308 ಕೊಡ್ತಾರೆ, ಬೇಡ ಅನ್ನಬೇಡ. ಹಳೆಯ 7x57 ಮೌಸರ್ ಸಿಕ್ಕಿದರೆ ಇನ್ನೂ ಒಳ್ಳೆಯದು, ತೋಟೆ 1892ರದ್ದು, ಒದೆ ಕಡಿಮೆ. ನಿನ್ನ ಪೋಸ್ಟಿನ ಕೆಳಗೆ ಒಬ್ಬರು "ಬೆಲ್ ಅದರಲ್ಲೇ ಆನೆ ಹೊಡೆದ" ಅಂತ ಬರೆದದ್ದು ನೋಡಿದೆ. ಹೌದು, ಹಿಂದಿನ ಕಾಲದ ಹೆಸರಾಂತ ಆನೆ ಬೇಟೆಗಾರ ಕರಮೋಜೋ ಬೆಲ್ ಹೊಡೆದದ್ದು ನಿಜ. ಅವ ಆನೆಯ ತಲೆಬುರುಡೆ ಸೀಳಿ ಮೆದುಳು ಎಲ್ಲಿ ಉಂಟು ಅಂತ ಅಭ್ಯಾಸ ಮಾಡಿದವ, ಒಳಗೆ ಹರಡದ ಗಟ್ಟಿ ಗುಂಡು ಹಾಕಿದವ. ನಾವು ನೀವು ಬೆಲ್ ಅಲ್ಲ.

ನಾನು ಹೇಳುವುದು, ತೋಟೆಯ ನಂಬರಿಗಿಂತ ಮೊದಲು ಗುಂಡು ಯಾವುದು ಅಂತ ಕೇಳು. ಬಾಡಿಗೆ ರೈಫಲಿಗೆ ಅಗ್ಗದ ಹಗುರ ಸಾಫ್ಟ್ ಪಾಯಿಂಟ್ (ತುದಿ ಮೆತ್ತಗಿನ ಗುಂಡು) ತುಂಬಿ ಕೊಡುವವರೂ ಇದ್ದಾರೆ. ಹತ್ತಿರದಿಂದ ವೇಗವಾಗಿ ಹೋಗಿ ಭುಜದ ಮೂಳೆಗೆ ಬಡಿದರೆ ಅದು ಅಲ್ಲೇ ಚೂರಾಗ್ತದೆ, ಒಳಗೆ ಹೋಗುವುದಿಲ್ಲ. ನನಗೆ ನೋಸ್ಲರ್ ಪಾರ್ಟಿಷನ್ ಅನ್ನುವ ಗುಂಡು ಇಷ್ಟ. 1948ರಿಂದ ಬರ್ತಾ ಉಂಟು: ನಡುವೆ ಒಂದು ತಾಮ್ರದ ಗೋಡೆ, ಮುಂದಿನ ಅರ್ಧ ಅರಳಿದರೂ ಹಿಂದಿನ ಅರ್ಧ ಮುಂದೆ ನುಗ್ತದೆ. ಸ್ವಿಫ್ಟ್ ಎ-ಫ್ರೇಮ್ ಸಹ ಅದೇ ಜಾತಿ, ದುಬಾರಿ. ಬಾರ್ನ್ಸ್ ಕಂಪನಿಯ ಪೂರ್ತಿ ತಾಮ್ರದ್ದು ಗಟ್ಟಿ, ಆದರೆ ಕೆಲವು ರೈಫಲಿಗೆ ಹೊಂದುವುದಿಲ್ಲ, ಹೊಡೆದು ನೋಡದೆ ತೆಗೊಳ್ಳಬೇಡ. 180 ಗ್ರೇನ್ ಕೇಳು. 150 ಕೊಟ್ಟರೆ ವಾಪಸು ಮಾಡು.

ಇನ್ನು ಹೊಡೆಯುವ ಜಾಗ. ಅಲ್ಲಿನ ಜಿಂಕೆ ಜಾತಿಗೆ ಹೃದಯ, ಶ್ವಾಸಕೋಶ ನಾವು ಅಂದಾಜು ಮಾಡುವುದಕ್ಕಿಂತ ಮುಂದೆ, ಕೆಳಗೆ. ಪಟದಲ್ಲಿ ನೋಡಿದ ಹಾಗೆ ಭುಜದ ಹಿಂದೆ ಗುರಿ ಇಟ್ಟರೆ ಹೊಟ್ಟೆ ಸೇರ್ತದೆ. ಮುಂಗಾಲಿನ ಗೆರೆಯಲ್ಲೇ ಮೇಲೆ ಹೋಗು, ಮೈಯ ಮೂರನೇ ಒಂದು ಭಾಗಕ್ಕೆ ನಿಲ್ಲಿಸು. ಅಡ್ಡ ನಿಂತಿದ್ದರೆ ಮಾತ್ರ ಈ ಲೆಕ್ಕ, ಓರೆ ನಿಂತಿದ್ದರೆ ಕಾಯು. ಓರಿಕ್ಸ್ ಗಾಯಗೊಂಡರೆ ಹತ್ತಿರ ಹೋಗಬೇಡ, ಆ ಕೊಂಬು ಈಟಿ.

ಕಣ್ಣು ಮುಚ್ಚುವ ಚಾಳಿಗೆ ಮದ್ದು ಒಂದೇ. ಅಲ್ಲಿ ಹೋದ ಮೊದಲ ದಿನ ರೇಂಜಿನಲ್ಲಿ ಭಾವನ ಕೈಯಿಂದ ಮ್ಯಾಗಜೀನ್ ತುಂಬಿಸು, ನಡುನಡುವೆ ಮದ್ದಿಲ್ಲದ ಒಂದು ಡಮ್ಮಿ ತೋಟೆ, ಯಾವುದು ಎಲ್ಲಿ ಅಂತ ನಿನಗೆ ಗೊತ್ತಿರಬಾರದು. ಡಮ್ಮಿ ಬಂದಾಗ ನಳಿಗೆ ಕೆಳಗೆ ಕುಕ್ಕಿದರೆ ನಿನ್ನ ಕಳ್ಳತನ ಸಿಕ್ಕಿಬಿತ್ತು. ನಾನು ಎರಡನೇ ಸಲ ಹೋದಾಗ ಹೀಗೇ ಮಾಡಿದ್ದು. ಮೊದಲ ಡಮ್ಮಿಗೆ ನಳಿಗೆ ಒಂದು ಗೇಣು ಕುಸಿಯಿತು, ಪಕ್ಕದವರೆಲ್ಲ ನಕ್ಕರು. ಇಪ್ಪತ್ತು ತೋಟೆ ಆಗುವಾಗ ನಿಂತಿತು.

ಅಷ್ಟರವರೆಗೆ ಮನೆಯಲ್ಲಿ ಸುಮ್ಮನೆ ಕೂರಬೇಡ. ನಮ್ಮಲ್ಲಿ .177 ಬೋರಿನ, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಮೂರು ಬಿದಿರಿನ ಕೋಲನ್ನು ಸೈಕಲ್ ಟ್ಯೂಬಿನಲ್ಲಿ ಕಟ್ಟಿ ಮುಕ್ಕಾಲಿ ಮಾಡು, ಅಲ್ಲಿಯೂ ಕೋಲಿನ ಮೇಲಿಟ್ಟೇ ಹೊಡೆಯುವುದು. ಇಪ್ಪತ್ತು ಹೆಜ್ಜೆ ದೂರ ಗೆರಟೆ ತೂಗಿಹಾಕು, ದಿನಕ್ಕೆ ಮೂವತ್ತು, ನಿಂತುಕೊಂಡೇ. ಹಿಂದೆ ಮೆತ್ತಗಿನ ಮಣ್ಣಿನ ದರೆ ಇರಲಿ, ಮುರಕಲ್ಲಿನ ಗೋಡೆಗೆ ಹೊಡೆದರೆ ಪೆಲೆಟ್ ವಾಪಸು ಮುಖಕ್ಕೇ. ಹಕ್ಕಿ, ಅಳಿಲಿನ ತಂಟೆಗೆ ಹೋಗಬೇಡ.

ಅಂದ ಹಾಗೆ, "ಊರಿನ ಕಾಡುಹಂದಿಗೆ ಯಾವ ತೋಟೆ ಒಳ್ಳೆಯದು" ಅಂತ ಕೆಳಗೆ ಕೇಳಿದವರಿಗೆ: ಇಲ್ಲಿ ಕೇಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉಂಟು, ತೋಟದ ರಕ್ಷಣೆಗೆ ಅಂತ ಕೊಟ್ಟ ಕೋವಿ ಶಿಕಾರಿಗೆ ಅಲ್ಲ. ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಕೊಂಡುಹೋಗಿ ಇಡುವ ತಾಪತ್ರಯವೇ ಸಾಕಾಗಿದೆ, ನಿಮ್ಮಿಂದಾಗಿ ಇದ್ದಬದ್ದವರ ಲೈಸೆನ್ಸಿಗೂ ಕುತ್ತು ಬರುವುದು ಬೇಡ.

ಮತ್ತೆ ತಮ್ಮಾ, ಕೊಂಬು ತರುವ ಆಸೆ ಬಿಡು, ಕಾಗದಪತ್ರದಲ್ಲೇ ಮುದುಕ ಆಗ್ತಿ. ಬಿಲ್ಟಾಂಗ್ (ಅಲ್ಲಿನ ಒಣಮಾಂಸ) ಅಲ್ಲೇ ತಿಂದು ಬಾ. ಜುಲೈಯಲ್ಲಿ ಅಲ್ಲಿ ಚಳಿಗಾಲ, ಬೆಳಿಗ್ಗೆ ತೆರೆದ ಗಾಡಿಯಲ್ಲಿ ಕೂತರೆ ಬೆರಳು ಮರಗಟ್ತದೆ, ಉಣ್ಣೆಯ ಕೈಗವಸು ಇಟ್ಟುಕೋ. ವಾಪಸು ಹೊರಡುವ ಮೊದಲು ಜಾಕೆಟಿನ ಪ್ರತಿಯೊಂದು ಕಿಸೆ, ಬ್ಯಾಗಿನ ಪ್ರತಿಯೊಂದು ಮೂಲೆ ತಿರುಗಿಸಿ ಕೊಡವು. ನೆನಪಿಗೆ ಅಂತ ಒಂದು ಖಾಲಿ ತೋಟೆ ಕಿಸೆಯಲ್ಲಿ ಉಳಿದರೂ ಬಜಪೆ ವಿಮಾನ ನಿಲ್ದಾಣದಲ್ಲಿ ಮನೆಯವರು ಹೊರಗೆ ಕಾಯ್ತಿರ್ತಾರೆ, ನೀನು ಒಳಗೆ ಉತ್ತರ ಹೇಳ್ತಾ ಇರಬೇಕಾಗ್ತದೆ. ಫಾರ್ಮಿನವರಿಗೆ .30-06 ಅಂತ ಇವತ್ತೇ ಮೆಸೇಜ್ ಹಾಕು, ಗುಂಡಿನ ಡಬ್ಬಿಯ ಫೋಟೊ ಕಳಿಸಲಿಕ್ಕೆ ಹೇಳು. ಬಂದ ಮೇಲೆ ಇಲ್ಲಿ ಹಾಕು, ನೋಡ್ತೇನೆ.